ಅಮೆರಿಕದ ಫೋನಿಗೆ ನಮ್ಮೂರ ಸಿಮ್ ಹಾಕಿದರೆ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗ ತಾನು ಬಳಸಿದ ಐಫೋನ್ ತಂದುಕೊಡುತ್ತೇನೆ ಅಂತಿದ್ದಾನೆ. ಅನ್‌ಲಾಕ್ ಆಗಿದೆಯಂತೆ, ಯಾವ ಸಿಮ್ ಬೇಕಾದರೂ ಹಾಕಬಹುದಂತೆ. ನಮ್ಮ ಮನೆ ಹತ್ತಿರ ಬಿಎಸ್ಸೆನ್ನೆಲ್ ಬಿಟ್ಟರೆ ಬೇರೆ ಸಿಗ್ನಲ್ ಇಲ್ಲ, ಪೇಟೆಯಲ್ಲಿ ಜಿಯೋ ಚೆನ್ನಾಗಿದೆ. ಎರಡೂ ನಡೆಯುತ್ತಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಡೆಯುತ್ತದೆ. ಆದರೆ ಅದು ಐಫೋನ್ 13 ಅಥವಾ ಅದಕ್ಕಿಂತ ಹಳೆಯದೋ, 14 ಅಥವಾ ಅದಕ್ಕಿಂತ ಹೊಸದೋ ಅಂತ ಮೊದಲು ಮಗನನ್ನು ಕೇಳಿ. 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಇಡುವ ಟ್ರೇನೇ ಇಲ್ಲ. ಎಲ್ಲಾ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರೂ ಇ-ಸಿಮ್ ಕೊಡುತ್ತವೆ. ನಿಮಗೆ ಮನೆಯಲ್ಲಿ ಬೇಕಾಗಿರುವುದು ಬಿಎಸ್ಸೆನ್ನೆಲ್ ಅಲ್ವಾ, ಹಾಗಾಗಿ ಫೋನ್ ವಿಮಾನ ಹತ್ತುವ ಮೊದಲೇ ನಿಮ್ಮ ಬಿಎಸ್ಸೆನ್ನೆಲ್ ಕಚೇರಿಗೆ ಹೋಗಿ, ಇರುವ ನಂಬರನ್ನು ಇ-ಸಿಮ್ ಮಾಡಿಕೊಡುತ್ತಾರಾ ಅಂತ ಕೇಳಿಬಿಡಿ. 11, 12, 13 ಆದರೆ ಈ ಚಿಂತೆ ಇಲ್ಲ. ಟ್ರೇಯಲ್ಲಿ ಬಿಎಸ್ಸೆನ್ನೆಲ್ ಸಿಮ್ ಹಾಕಿ, ಜಿಯೋವನ್ನು ಇ-ಸಿಮ್ ಮಾಡಿಸಿ. ನಿಮ್ಮ ಊರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಅಂತ ನನಗನ್ನಿಸುತ್ತದೆ.

ಇನ್ನು ಅನ್‌ಲಾಕ್ ವಿಷಯ. ಬಾಯಿಮಾತು ಸಾಲದು. ಮಗನಿಗೆ ಹೇಳಿ ಫೋನಿನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಜನರಲ್, ಅದರೊಳಗೆ ಅಬೌಟ್ ತೆಗೆಸಿ. ಕೆಳಗೆ ಕ್ಯಾರಿಯರ್ ಲಾಕ್ ಅಂತ ಒಂದು ಸಾಲು ಇರುತ್ತದೆ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇರಲೇಬೇಕು. ಅದರ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಲಿ. ಅಲ್ಲಿ ಫೋನನ್ನು ಕಂತಿನ ಮೇಲೆ ಮೊಬೈಲ್ ಕಂಪನಿಯಿಂದಲೇ ಕೊಳ್ಳುವವರು ಜಾಸ್ತಿ, ಕಂತು ಪೂರ್ತಿ ತೀರುವವರೆಗೆ ಎಷ್ಟೋ ಫೋನ್‌ಗಳಿಗೆ ಲಾಕ್ ಹಾಗೇ ಇರುತ್ತದೆ. ಅದನ್ನು ತೆಗೆಯುವ ಅಧಿಕಾರ ಆ ಕಂಪನಿಗೇ ಇರುವುದು. ಅವನು ಅಲ್ಲಿರುವಾಗ ಒಂದು ಫೋನ್ ಮಾಡಿದರೆ ಆಗುವ ಕೆಲಸ, ಇಲ್ಲಿಗೆ ಬಂದ ಮೇಲೆ ದೊಡ್ಡ ತಲೆನೋವು. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಹಾಕಿದ ಫೋನ್ ಮಾರುವಂತಿಲ್ಲ. ಅಲ್ಲಿಂದ ಬರುವ ಹೊಸ ಫೋನ್‌ಗಳಿಗೆ ಈ ತೊಂದರೆ ಇರುವುದಿಲ್ಲ.

ಪ್ರಶ್ನೆ: ನಾದಿನಿ ಅಮೆರಿಕದಿಂದ ಆಂಡ್ರಾಯ್ಡ್ ಫೋನ್ ಕಳಿಸಿದ್ದಾಳೆ. ಅನ್‌ಲಾಕ್ ಆಗಿದೆ. ಜಿಯೋ ಸಿಮ್ ಹಾಕಿದರೆ ನೆಟ್ ಓಡುತ್ತದೆ, ಯೂಟ್ಯೂಬ್ ಬರುತ್ತದೆ, ಕಾಲ್ ಮಾತ್ರ ಹೋಗೋದಿಲ್ಲ. ಯಜಮಾನರ ಏರ್‌ಟೆಲ್ ಸಿಮ್ ಹಾಕಿದರೆ ಕಾಲ್ ಹೋಗುತ್ತದೆ. ಫೋನ್ ಕೆಟ್ಟಿದೆಯಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೆಟ್ಟಿಲ್ಲಮ್ಮ. ಲಾಕ್ ತೆಗೆದ ಮಾತ್ರಕ್ಕೆ ಫೋನ್ ಎಲ್ಲಾ ಕಂಪನಿಗೂ ಹೊಂದುತ್ತದೆ ಅಂತಲ್ಲ, ಇದನ್ನು ಮಾರುವವರೂ ಹೇಳುವುದಿಲ್ಲ, ಕಳಿಸುವವರಿಗೂ ಗೊತ್ತಿರುವುದಿಲ್ಲ. 2016ರಲ್ಲಿ ಶುರುವಾದಾಗಿನಿಂದ ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಅದರಲ್ಲಿ ಮಾತಾಡಬೇಕಾದರೆ ಮಾತೂ ಡೇಟಾದ ಹಾಗೆ 4ಜಿಯಲ್ಲೇ ಹೋಗಬೇಕು. ಅದೇ ವೋಲ್ಟಿ. ಈ ವೋಲ್ಟಿ ಕೆಲಸ ಮಾಡಲು ಫೋನಿನ ಸಾಫ್ಟ್‌ವೇರ್‌ನಲ್ಲಿ ಆಯಾ ಕಂಪನಿಗೆ ಬೇಕಾದ ಸೆಟ್ಟಿಂಗ್ ಮೊದಲೇ ಇರಬೇಕು, ಅಮೆರಿಕದ ಕಂಪನಿಗಳಿಗೆಂದೇ ಮಾಡಿದ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ನಮ್ಮ ಕಂಪನಿಗಳದ್ದು ಇರುವುದೇ ಇಲ್ಲ. ಏರ್‌ಟೆಲ್‌ಗೆ 2ಜಿ ಇನ್ನೂ ಇದೆ. ವೋಲ್ಟಿ ಆಗದಿದ್ದರೆ ಕಾಲ್ 2ಜಿಗೆ ಇಳಿದು ಹೋಗುತ್ತದೆ. ಕಾಲ್ ಮಾಡುವಾಗ ಮೇಲಿನ ಪಟ್ಟಿ ನೋಡಿ, 4ಜಿ ಎಂದಿದ್ದದ್ದು ‘ಇ’ ಅಕ್ಷರ ಆದರೆ ಅದೇ ಆಗುತ್ತಿದೆ ಅಂತ.

ಮಾಡಬೇಕಾದ್ದು ಇಷ್ಟು. ಜಿಯೋ ಸಿಮ್ ಹಾಕಿಟ್ಟು ಫೋನ್ ಅಪ್‌ಡೇಟ್ ಮಾಡಿ. ಆಮೇಲೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ವೋಲ್ಟಿ ಅಥವಾ 4ಜಿ ಕಾಲಿಂಗ್ ಬಟನ್ ಬಂದಿದೆಯಾ ನೋಡಿ. ಬಂದರೆ ಆನ್ ಮಾಡಿ. ಬರದಿದ್ದರೆ ಆ ಫೋನಿಗೆ ಏರ್‌ಟೆಲ್ ಸಿಮ್ಮೇ ಗತಿ, ಸುಮ್ನೆ ಅಂಗಡಿ ಅಂಗಡಿ ಅಲೆಯಬೇಡಿ.

ಬ್ಯಾಂಡ್ ಅಂತ ಇನ್ನೊಂದಿದೆ, ಅಂದರೆ ಸಿಗ್ನಲ್ ಬರುವ ತರಂಗಗಳ ಗುಂಪು. ಜಿಯೋ 4ಜಿ ಇಲ್ಲಿ 3, 5, 40 ಎಂಬ ಬ್ಯಾಂಡ್‌ಗಳಲ್ಲಿ ಬರುತ್ತದೆ, ಬಿಎಸ್ಸೆನ್ನೆಲ್‌ನ ಹೊಸ 4ಜಿಗೆ 28 ಮತ್ತು 1 ಬೇಕು, ಜಿಯೋ, ಏರ್‌ಟೆಲ್ 5ಜಿಗೆ ಮುಖ್ಯವಾಗಿ ಎನ್78. ಹೊರದೇಶದ ಅಗ್ಗದ ಫೋನ್‌ಗಳಲ್ಲಿ ಇವುಗಳಲ್ಲಿ ಒಂದೆರಡು ಇಲ್ಲದಿರಬಹುದು. ಆಗ ಪಕ್ಕದವರ ಫೋನಿನಲ್ಲಿ ನಾಲ್ಕು ಕಡ್ಡಿ ಇದ್ದರೂ ನಿಮ್ಮದರಲ್ಲಿ ಒಂದೇ ಕಡ್ಡಿ. ಫೋನ್ ತರಿಸುವವರು ಮಾಡೆಲ್ ನಂಬರ್ ಕೇಳಿ, ಕಂಪನಿಯ ಸೈಟಿನಲ್ಲಿ ಬ್ಯಾಂಡ್ ಪಟ್ಟಿ ನೋಡಿಕೊಂಡೇ ಹೂಂ ಅನ್ನಿ. ಒಂದೇ ಹೆಸರಿನ ಫೋನಿಗೆ ದೇಶಕ್ಕೊಂದು ಮಾಡೆಲ್ ನಂಬರ್ ಇರುತ್ತದೆ.

ಪ್ರಶ್ನೆ: ಲಾಕ್ ಆದ ಐಫೋನ್ ಅಗ್ಗಕ್ಕೆ ಸಿಕ್ಕಿದೆ. ಸಿಮ್ ಕೆಳಗೆ ಒಂದು ಚಿಪ್ ಇಟ್ಟರೆ ಎಲ್ಲಾ ಸಿಮ್ ನಡೆಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ತಗೊಳ್ಳಲಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಆ ಚಿಪ್ ಲಾಕ್ ತೆಗೆಯುವುದಿಲ್ಲ, ಫೋನಿಗೆ ಸುಳ್ಳು ಹೇಳುತ್ತದೆ ಅಷ್ಟೇ. ಐಓಎಸ್ ಅಪ್‌ಡೇಟ್ ಬಂದ ದಿನ ‘ಸಿಮ್ ನಾಟ್ ಸಪೋರ್ಟೆಡ್’ ಅಂತ ಕೂತುಬಿಡಬಹುದು. ಹಳೆ ಫೋನ್ ಯಾವುದೇ ಇರಲಿ, *#06# ಒತ್ತಿ ಐಎಂಇಐ ನಂಬರ್, ಅಂದರೆ ಫೋನಿನ ಗುರುತಿನ ಸಂಖ್ಯೆ ನೋಡಿ, ಸರ್ಕಾರದ ಸಂಚಾರ ಸಾಥಿ ಸೈಟಿನಲ್ಲಿ ಹಾಕಿ ಪರೀಕ್ಷಿಸಿ. ಕದ್ದ ಫೋನ್ ಅಂತ ಬ್ಲಾಕ್ ಆಗಿದ್ದರೆ ಅನ್‌ಲಾಕ್ ಆಗಿದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ: ಕಂಪನಿ ಬದಲಿಸಬೇಕು. ಪೋರ್ಟ್ ಮಾಡಲಾ, ಇನ್ನೊಂದು ಸಿಮ್ ತಗೊಳ್ಳಲಾ? ಬ್ಯಾಂಕು, ಫೋನ್‌ಪೇ ಎಲ್ಲಾ ಈ ನಂಬರಿಗೇ ಇದೆ.
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಇನ್ನೊಂದು ಸಿಮ್ ತಗೊಂಡು, ಒಂದು ತಿಂಗಳು ಎರಡನೇ ಸ್ಲಾಟಿನಲ್ಲಿ ಹಾಕಿ ಮನೆ, ತೋಟ, ಕೆಲಸದ ಜಾಗ ಎಲ್ಲಾ ಕಡೆ ಸಿಗ್ನಲ್ ನೋಡಿ. ಸರಿ ಅನ್ನಿಸಿದ ಮೇಲೆ ಹಳೆಯ ನಂಬರನ್ನು ಪೋರ್ಟ್ ಮಾಡಿ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ. ನಮ್ಮಲ್ಲಿ ಅದು 4 ದಿನ ಮಾತ್ರ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದು ಹೊಸದು ಪಡೆದಿದ್ದರೆ 7 ದಿನ ಕೋಡ್ ಸಿಗುವುದಿಲ್ಲ, ಇದು 2024ರ ಜುಲೈಯಿಂದ ಬಂದ ನಿಯಮ. ಪ್ರಿಪೇಯ್ಡ್ ಆದರೆ ಉಳಿದ ಬ್ಯಾಲೆನ್ಸ್ ಹೋಗುತ್ತದೆ, ರೀಚಾರ್ಜ್ ಮುಗಿಯುವ ಹೊತ್ತಿಗೆ ಪೋರ್ಟ್ ಇಟ್ಟುಕೊಳ್ಳಿ. ನಂಬರ್ ಅದೇ ಇರುವುದರಿಂದ ಬ್ಯಾಂಕಿಗೆ ಹೋಗಬೇಕಿಲ್ಲ. ಹೊಸ ಸಿಮ್ ಹಾಕಿದ ಮೇಲೆ ಯುಪಿಐ ಆ್ಯಪ್ ಮತ್ತೆ ಒಂದು ಎಸ್‌ಎಂಎಸ್ ಕಳಿಸಿ ನಂಬರ್ ಖಾತ್ರಿ ಮಾಡಿಕೊಳ್ಳಬಹುದು. ಆಗ ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಲಿ.