ನೀಟ್‌ಗೆ ಹಿಜಾಬ್ ತೆಗೆಯಬೇಕಿಲ್ಲ

ಅಕ್ಕಾ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯಲು ಹೋಗುವ ಮಗಳ ಹಿಜಾಬ್ ತೆಗೆಸ್ತಾರಾ ಅಂತ ಕೇಳಿದ್ದೀರಿ. ತೆಗೆದಿಟ್ಟು ಬರೆಯಬೇಕು ಅಂತ ನಿಯಮ ಇಲ್ಲ. ಧಾರ್ಮಿಕ ಉಡುಪಿನಲ್ಲಿ ಬರುವವರು ತಪಾಸಣೆಗೆ ಬೇಗ ಬನ್ನಿ ಅಂತಷ್ಟೇ ಪರೀಕ್ಷೆ ನಡೆಸುವ ಸಂಸ್ಥೆ ಎನ್‌ಟಿಎ ಹೇಳುವುದು. ತಪಾಸಣೆ ಮಹಿಳಾ ಸಿಬ್ಬಂದಿಯೇ ಮಾಡಬೇಕು, ಅದೂ ಮರೆಯಲ್ಲಿ. ಕಿವಿ ನೋಡಬೇಕು ಅಂದರೆ ಅಲ್ಲೇ ತೋರಿಸಿ, ಮತ್ತೆ ಸುತ್ತಿಕೊಳ್ಳಲಿ.

ಹಿಜಾಬ್ ವಿವಾದದ ವೇಳೆ ರಾಜ್ಯ ಸರ್ಕಾರ ಹೊರಡಿಸಿದ 2022ರ ಫೆಬ್ರವರಿ 5ರ ಆದೇಶ ಶಾಲಾ ಕಾಲೇಜುಗಳ ಸಮವಸ್ತ್ರದ್ದು. ಅದನ್ನು ಇಲ್ಲಿಗೆ ಎಳೆದು ತಂದು ಹೆದರಿಸಿದರೆ ನಂಬಬೇಡಿ.

ಪ್ರವೇಶ ಪತ್ರದ ಜೊತೆ ಎನ್‌ಟಿಎಯ ಈ ನಿಯಮ ಇರುವ ಪುಟವನ್ನೂ ಪ್ರಿಂಟ್ ತೆಗೆದು ಕೊಡಿ. ಬಾಗಿಲಲ್ಲಿ ತಡೆದರೆ ವಾದ ಬೆಳೆಸದೆ ಕೇಂದ್ರದ ಮುಖ್ಯಸ್ಥರನ್ನು ಕರೆಸಿ, "ಬರೆದು ಕೊಡಿ" ಅಂತ ಕೇಳಲಿ. ಹಾಗೆ ಕೇಳುವ ಹಕ್ಕು ಅವಳಿಗಿದೆ, ಅಂಜಬೇಕಾಗಿಲ್ಲ. ಗೇಟು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಬೆಳಗಿನ ಬಸ್ಸಿಗೇ ಹೊರಡಿ.