ಏಣಿ ಎತ್ತುವ ಮೊದಲು ನೆಲ ನೋಡುವುದೇಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಅಗ್ನಿಶಾಮಕ ಸಿಬ್ಬಂದಿ ಅಣಕು ಕಾರ್ಯಾಚರಣೆ ನಡೆಸಿದರು. ಏಣಿ ವಾಹನ ಬಂದು ನಿಂತ ಮೇಲೂ ಹಲಗೆ ಜೋಡಿಸುತ್ತ, ವಾಹನವನ್ನು ಹಿಂದಕ್ಕೆ ತೆಗೆದು ಮತ್ತೆ ನಿಲ್ಲಿಸುತ್ತ ಬಹಳ ಹೊತ್ತು ಕಳೆದರು. ನಿಜವಾಗಿ ಬೆಂಕಿ ಬಿದ್ದಾಗಲೂ ಹೀಗೆ ತಡ ಮಾಡುತ್ತಾರೆಯೇ?

ಉತ್ತರ: ಮಾಡುತ್ತಾರೆ, ಮಾಡಲೇಬೇಕು. ಸಾಕಷ್ಟು ಅಭ್ಯಾಸವಾದ ತಂಡ ಬೇಗ ಮುಗಿಸುತ್ತದೆ, ಅಷ್ಟೇ ವ್ಯತ್ಯಾಸ.

2023ರಲ್ಲಿ ಕರ್ನಾಟಕದ ಇಲಾಖೆಗೆ ಬಂದ 90 ಮೀಟರ್ ಎತ್ತರದ ಯಂತ್ರವಿರಲಿ, ಹಳೆಯ ಗಿಡ್ಡ ಏಣಿಯಿರಲಿ, ಕೆಲಸ ಮಾಡುವಾಗ ಭಾರ ಹೊರುವುದು ಪಕ್ಕಕ್ಕೆ ಚಾಚುವ ಉಕ್ಕಿನ ಕಾಲುಗಳು. ಏಣಿ ಒಂದು ಬದಿಗೆ ತಿರುಗಿದೊಡನೆ ಭಾರದ ಬಹುಪಾಲು ಆ ಬದಿಯ ಕಾಲುಗಳ ಮೇಲೆ ಬೀಳುತ್ತದೆ. ಅವುಗಳ ಕೆಳಗೆ ಏನಿದೆ? ನಮ್ಮ ಊರುಗಳಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಇದೇ. ಚರಂಡಿಯ ಚಪ್ಪಡಿ, ಮ್ಯಾನ್‌ಹೋಲ್, ಕೇಬಲ್‌ಗಾಗಿ ಅಗೆದು ಮೇಲೆ ಡಾಂಬರು ಬಳಿದ ಗುಂಡಿ. ಅಪಾರ್ಟ್‌ಮೆಂಟ್ ಆದರೆ ನೀರಿನ ಸಂಪು, ನೆಲಮಾಳಿಗೆಯ ಪಾರ್ಕಿಂಗ್‌ನ ಚಾವಣಿ. ನಿಂತು ನೋಡಿದರೆ ಎಲ್ಲವೂ ಗಟ್ಟಿ ನೆಲವೇ. ಅಗಲವಾದ ಹಲಗೆ ಭಾರವನ್ನು ಹರಡೀತು, ಟೊಳ್ಳನ್ನು ತುಂಬದು. ವಾಹನವನ್ನು ಹಿಂದಕ್ಕೆ ತೆಗೆದದ್ದು ಬಹುಶಃ ಅದಕ್ಕೇ. ಹೊಸ ವಾಹನದ ಸೆನ್ಸರ್ ಕಾಲು ನೆಲಕ್ಕೆ ಒತ್ತಿದೆಯೇ ಎಂದು ಹೇಳುತ್ತದೆ. ನೆಲದೊಳಗೆ ಏನಿದೆ ಎಂಬುದು ಅದಕ್ಕೂ ತಿಳಿಯದು.

ಪಕ್ಕದಲ್ಲಿ ಯಾರದೋ ಕಾರು ನಿಂತು ಕಾಲನ್ನು ಪೂರ್ತಿ ಚಾಚಲಾಗದಿದ್ದರೆ, ಆ ಬದಿಗೆ ಏಣಿಯನ್ನೂ ಅಷ್ಟು ದೂರ ಚಾಚುವಂತಿಲ್ಲ.

ಮೇಲೆ ಹೋದವರ ಲೆಕ್ಕ ಬೇರೆ. 63 ಮಿಲಿಮೀಟರ್ ವ್ಯಾಸದ ಹೋಸ್ ಪೈಪ್‌ನ 20 ಮೀಟರ್ ಉದ್ದದಲ್ಲಿ ನೀರು ತುಂಬಿದರೆ ನೀರಿನ ತೂಕವೇ ಸುಮಾರು 62 ಕಿಲೋ. ಏಣಿಯ ಮೇಲೆ ಇನ್ನೊಬ್ಬ ಮನುಷ್ಯ ಏರಿದಂತೆಯೇ. ಜೊತೆಗೆ ನೀರು ಚಿಮ್ಮುವಾಗ ಹಿಂದಕ್ಕೆ ತಳ್ಳುವ ಬಲ, ಗಾಳಿಯ ಹೊಡೆತ. ಆದ್ದರಿಂದ ವಾಲ್ವನ್ನು ಮೆಲ್ಲಗೆ ತೆರೆಯಬೇಕು, ಬೆಲ್ಟ್‌ನ ಕೊಕ್ಕೆ ಸಿಕ್ಕಿಸದೆ ಯಾರೂ ಮೇಲೆ ನಿಲ್ಲಬಾರದು. ಒಂದರೊಳಗೊಂದು ಸೇರುವ ಏಣಿಯನ್ನು ಮಡಚುವಾಗ ಅದರ ಮೇಲೆ ಯಾರೂ ಇರಬಾರದು. ಮೆಟ್ಟಿಲುಗಳು ಅಡಕತ್ತರಿಯಂತೆ ಕಾಲನ್ನು ಕತ್ತರಿಸಬಲ್ಲವು.

ಪ್ರಶ್ನೆ: ಏಣಿ ವಿದ್ಯುತ್ ತಂತಿಗೆ ತಗುಲಿದರೆ ಮೇಲಿರುವವರಿಗೇ ಅಲ್ಲವೇ ಅಪಾಯ?

ಉತ್ತರ: ಕೆಳಗಿರುವವರಿಗೂ, ಅನೇಕ ಸಲ ಅವರಿಗೇ ಹೆಚ್ಚು. ನೆಲದಲ್ಲಿ ನಿಂತು ವಾಹನ ಮುಟ್ಟಿದವನ ಮೈಮೂಲಕ ವಿದ್ಯುತ್ ಭೂಮಿಗೆ ಹರಿಯುತ್ತದೆ. ವಾಹನದ ಮೇಲಿರುವವರು ಲೈನ್ ಕಡಿತವಾಗಿದೆ ಎಂದು ಖಚಿತವಾಗುವವರೆಗೂ ಇಳಿಯಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ, ವಾಹನವನ್ನು ಮುಟ್ಟದಂತೆ ದೂರ ಜಿಗಿದು, ಪಾದ ಎತ್ತದೆ ಸಣ್ಣಗೆ ಸರಿಯುತ್ತ ಹೋಗಬೇಕು. ಸಾಮಾನ್ಯ 11 ಕೆ.ವಿ. ತಂತಿಯಿಂದಲೂ ಕನಿಷ್ಠ 3 ಮೀಟರ್ ದೂರವಿರಲಿ, ಗಾಳಿಗೆ ತಂತಿಯೂ ಏಣಿಯೂ ತೂಗುತ್ತವೆಂಬುದನ್ನು ಸೇರಿಸಿಕೊಂಡು.

ಮೊದಲು ಬರೆದವರಿಗೆ ಒಂದು ಮಾತು: ನಿಮ್ಮ ಸಂಪು, ನೆಲಮಾಳಿಗೆಯ ಅಂಚು, ಚರಂಡಿ ಎಲ್ಲೆಲ್ಲಿವೆ ಎಂಬ ನಕ್ಷೆಯೊಂದನ್ನು ಕಾವಲುಗಾರರ ಕೋಣೆಯ ಗೋಡೆಗೆ ಅಂಟಿಸಿ. ಮುಂದಿನ ಸಲ ಆ ಹೊತ್ತು ಅರ್ಧ ಉಳಿಯಬಹುದು.