ಮೊದಲ ಎರಡು ಪುಟ ತೆಗೆಯಿರಿ, ಪಂಜರದ ಹತ್ತಿರ ಬನ್ನಿ

ತುಮಕೂರಿನಿಂದ ನೀವು ಕಳಿಸಿದ ‘ಸೊಳ್ಳೆ: ಮನುಕುಲದ ಶತ್ರು’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಡೆಂಗಿ, ಮಲೇರಿಯಾ, ಸ್ವಚ್ಛತೆ. ಇದೆಲ್ಲ ಪಂಚಾಯಿತಿ ಗೋಡೆ ಮೇಲೆಯೇ ಇರುತ್ತದೆ, ಅಲ್ವಾ? ಮೂರನೇ ಪುಟದ ಕೊನೆಗೆ ಒಂದೇ ಒಂದು ಸಾಲು: ‘ನಮ್ಮ ಲ್ಯಾಬಿನಲ್ಲಿ ಸೊಳ್ಳೆಗಳಿಗೆ ಕೃತಕ ವಿಧಾನದಿಂದ ರಕ್ತ ಕುಡಿಸುತ್ತೇವೆ.’ ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ. ನೀವು ಅಲ್ಲೇ ಮುಗಿಸಿಬಿಟ್ಟಿದ್ದೀರಿ.

ಕುರಿ ರಕ್ತ ಎಲ್ಲಿಂದ ತರುತ್ತೀರಿ, ಹೆಪ್ಪುಗಟ್ಟದ ಹಾಗೆ ಏನು ಬೆರೆಸುತ್ತೀರಿ? ಸೊಳ್ಳೆಗೆ ರಕ್ತ ಕುಡಿಸುವ ಪುಟ್ಟ ಗಾಜಿನ ಪಾತ್ರೆ, ಅಂದರೆ ಫೀಡರಿನ ಸುತ್ತ ಬಿಸಿನೀರು ಹರಿಸಿ ರಕ್ತವನ್ನು 37 ಡಿಗ್ರಿಯಲ್ಲಿ ಇಡುವುದು ಯಾಕೆ? ಮೈ ಬಿಸಿ ಇಲ್ಲದಿದ್ದರೆ ಸೊಳ್ಳೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ ಅನ್ನುವುದು ಓದುಗರಿಗೆ ಹೊಸ ವಿಷಯ. ಚರ್ಮದ ಬದಲಿಗೆ ಬಳಸುವ ಮೇಣದಂಥ ಹಾಳೆ ಪ್ಯಾರಾಫಿಲ್ಮನ್ನು ತೆಳ್ಳಗೆ ಎಳೆದು ಫೀಡರಿನ ಬಾಯಿಗೆ ಬಿಗಿಯುವ ಮೊದಲು, ಮನುಷ್ಯರ ವಾಸನೆ ಹತ್ತಲಿ ಅಂತ ಕೆಲವರು ಅದನ್ನು ತಮ್ಮ ಮುಂಗೈಗೆ ಉಜ್ಜಿಕೊಳ್ಳುತ್ತಾರೆ. ಸೊಳ್ಳೆಗಳಿರುವ ಪಂಜರದ ಬಲೆಯ ಮೇಲೆ ಉಸಿರು ಬಿಡುತ್ತಾರೆ. ಸುಮ್ನೆ ಕೂತಿದ್ದ ಸೊಳ್ಳೆಗಳು ಆಗ ಎದ್ದು ಹಾರುತ್ತವೆ. ನೀವೂ ಹಾಗೆ ಮಾಡುತ್ತೀರಾ? ಕುಡಿದ ಸೊಳ್ಳೆಯ ಹೊಟ್ಟೆ ಕೆಂಪಗೆ ಉಬ್ಬಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ. ನಮಗೂ ತೋರಿಸಿ.

ವಿಜ್ಞಾನಿ ರಟ್ಲೆಜ್ ಮತ್ತು ಸಂಗಡಿಗರು 1964ರಲ್ಲಿ ಇಂಥ ಫೀಡರಿನ ಬಗ್ಗೆ ಬರೆದರು. ಅದನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಮೊಲವನ್ನೋ ಇಲಿಯನ್ನೋ ಪಂಜರದಲ್ಲಿಟ್ಟು, ಇಲ್ಲವೇ ತಮ್ಮ ಕೈಯನ್ನೇ ಒಡ್ಡಿ ಸೊಳ್ಳೆ ಸಾಕುವ ಪದ್ಧತಿ ಇದೆ. ಅದನ್ನು ತಪ್ಪಿಸುವ ದಾರಿ ಇದು ಅನ್ನುವುದನ್ನು ಮಾತ್ರ ಬಿಡಬೇಡಿ.

ಒಂದು ತಪ್ಪು ತಿದ್ದಲೇಬೇಕು. ‘ಸೊಳ್ಳೆಗಳು ರಕ್ತ ಕುಡಿದೇ ಬದುಕುತ್ತವೆ’ ಅಂದಿದ್ದೀರಿ. ಹೊಟ್ಟೆಪಾಡಿಗೆ ಗಂಡಿಗೂ ಹೆಣ್ಣಿಗೂ ಸಿಹಿ ಸಾಕು. ರಕ್ತ ಬೇಕಾಗುವುದು ಹೆಣ್ಣಿಗೆ ಮಾತ್ರ, ಅದೂ ಮೊಟ್ಟೆಗಾಗಿ. ರಕ್ತ ಕೊಡುವ ಮುಂಚೆ ಸಕ್ಕರೆ ನೀರಿನ ಹತ್ತಿಯನ್ನು ಪಂಜರದಿಂದ ತೆಗೆದು ಹಸಿವಿಗೆ ಬಿಡುತ್ತೀರಲ್ಲ, ಅದನ್ನೇ ಬರೆದರೆ ಈ ತಪ್ಪು ತಾನಾಗಿ ಸರಿಹೋಗುತ್ತದೆ.

ಇನ್ನು ‘ನಿಂತ ನೀರು ಚೆಲ್ಲಿ’ ಅನ್ನುವ ಸಲಹೆ. ನಾನಿರುವ ಕೋಲಾರದಲ್ಲಿ ನೀರು ಬಿಟ್ಟ ದಿನ ಡ್ರಮ್ಮು, ತೊಟ್ಟಿ ತುಂಬಿಸಿಕೊಳ್ಳದೆ ಸಂಸಾರ ನಡೆಯುವುದಿಲ್ಲ. ಇಲ್ಲಿನವರಿಗೆ ನೀರು ಚೆಲ್ಲಿ ಅನ್ನಬೇಡಿ. ನಿಮ್ಮ ಲ್ಯಾಬಿನ ಒದ್ದೆ ಫಿಲ್ಟರ್ ಕಾಗದದ ಮೇಲೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಟ್ಟ ಕಪ್ಪು ಮೊಟ್ಟೆಗಳ ಬಗ್ಗೆ ಹೇಳಿ. ಒಣಗಿಸಿಟ್ಟರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ಡ್ರಮ್ಮಿನಲ್ಲೂ ನೀರಿನ ಅಂಚಿಗೆ, ಗೋಡೆಗೇ ಅಂಟಿಕೊಂಡಿರುತ್ತವೆ. ಹಾಗಾಗಿ ಒಳಗೋಡೆ ಉಜ್ಜಿ ತೊಳೆಯಬೇಕು, ಮೇಲೆ ಬಿಗಿಯಾಗಿ ಮುಚ್ಚಬೇಕು.

800 ಪದ ಸಾಕು. ಫೀಡರಿನ ಹತ್ತಿರದ ಫೋಟೊ ಒಂದು ಇರಲಿ. ಲ್ಯಾಬಿನವರ ಒಪ್ಪಿಗೆ ಪಡೆದು ಕಳಿಸಿ, ನಾನೇ ಕೂತು ತಿದ್ದುತ್ತೇನೆ.